ಯಾರ ಪರವಾಗಿ ಯಾರ ಮಾತು

ಕಾಲೇಜುಗಳಲ್ಲಿ ಈಗ ನಡೆಯುವ ಅಣಕು ವಿಶ್ವಸಂಸ್ಥೆ ಅಧಿವೇಶನಗಳಲ್ಲಿ ಪ್ರತಿಯೊಬ್ಬರ ಮುಂದೆಯೂ ಒಂದು ದೇಶದ ಹೆಸರಿನ ಫಲಕ ಇರುತ್ತದೆ. ಫಲಕ ಎತ್ತಿದವರಿಗೆ ಮಾತು. ಚರ್ಚೆ ಮೂಲನಿವಾಸಿಗಳ ನೆಲದ ಬಗ್ಗೆಯೇ ಇದ್ದರೂ ಅವರ ಹೆಸರಿನ ಫಲಕ ಅಲ್ಲಿರುವುದಿಲ್ಲ. ಇದು ಸಂಘಟಕರ ಮರೆವಲ್ಲ. ನಿಜವಾದ ಸಾಮಾನ್ಯ ಸಭೆಯಲ್ಲೂ ಮತ ಇರುವುದು ರಾಷ್ಟ್ರಗಳಿಗೆ ಮಾತ್ರ. 1923ರಲ್ಲಿ ಕೆನಡಾದ ಹೊಡೆನೊಸೌನಿ ಜನರ ಮುಖಂಡ ಡೆಸ್ಕಾಹೆ ತಮ್ಮವರ ಅಹವಾಲು ಹೊತ್ತು ಜಿನೀವಾಕ್ಕೆ ಹೋದರು. ವಿಶ್ವಸಂಸ್ಥೆಗೂ ಮೊದಲಿದ್ದ ರಾಷ್ಟ್ರಸಂಘದ ಮುಂದೆ ಮಾತನಾಡಲು ಅವರಿಗೆ ಅವಕಾಶ ಸಿಗಲೇ ಇಲ್ಲ.

2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಮೂಲನಿವಾಸಿಗಳ ಹಕ್ಕುಗಳ ಘೋಷಣೆಗೆ 144 ದೇಶಗಳು ಒಪ್ಪಿಗೆ ಕೊಟ್ಟವು. ವಿರೋಧಿಸಿದ್ದು ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಆಮೇಲೆ ಈ ನಾಲ್ಕೂ ನಿಲುವು ಬದಲಿಸಿದವು. ಭಾರತ ಪರವಾಗಿ ಮತ ಹಾಕಿತು. ಆದರೆ ಸ್ವಾತಂತ್ರ್ಯ ಬಂದಾಗ ಇಲ್ಲಿದ್ದವರೆಲ್ಲರೂ, ಅವರ ಸಂತತಿಯವರೂ ಮೂಲನಿವಾಸಿಗಳೇ ಎಂಬುದು ನಮ್ಮ ಸರ್ಕಾರದ ನಿಲುವು. ಎಲ್ಲರೂ ಮೂಲದವರೇ ಆದರೆ ಯಾರೂ ಬೇರೆಯಾಗಿ ಏನನ್ನೂ ಕೇಳುವಂತಿಲ್ಲ.

ತುಮಕೂರಿನ ಇಂಥದೊಂದು ಅಧಿವೇಶನದಲ್ಲಿ ಹಾಗಲವಾಡಿ ಕಡೆಯ ಗೊಲ್ಲರಹಟ್ಟಿಯ ಹುಡುಗಿಯೊಬ್ಬಳಿಗೆ ಕೆನಡಾದ ಫಲಕ ಬಂದಿತ್ತು. ಮೂಲನಿವಾಸಿಗಳ ನೆಲ ಮುಟ್ಟುವ ಮುನ್ನ ಅವರ ಒಪ್ಪಿಗೆ ಕೇಳೋಣ, ಆದರೆ ಅದು ವೀಟೊ ಆಗಬಾರದು ಎಂದು ಗಟ್ಟಿಯಾಗಿ ವಾದಿಸಿದಳು. ಎದುರಾಳಿಯ ಮಾತನ್ನು ಒಮ್ಮೆ ತನ್ನ ಬಾಯಲ್ಲೇ ಆಡಿ ನೋಡುವುದು ಒಳ್ಳೆಯ ಅಭ್ಯಾಸ, ಅದರಲ್ಲಿ ನನಗೆ ಅನುಮಾನವಿಲ್ಲ. ಊಟದ ಹೊತ್ತಿಗೆ ನನ್ನ ಬಳಿ ಬಂದು, “ಸಾರ್, ನಮ್ಮ ಹಟ್ಟಿಯವರು ಯಾವ ದೇಶದ ಜೊತೆ ಕೂರಬೇಕಿತ್ತು?” ಅಂದಳು.

ಇಂಥ ಹಟ್ಟಿಗಳಲ್ಲಿ ಕುರಿ ಮೇಯಿಸಿಕೊಂಡು ಬದುಕುವ ಕಾಡುಗೊಲ್ಲರು ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಬಹುಕಾಲದಿಂದ ಕೇಳುತ್ತಿದ್ದಾರೆ. ಇಂಥ ಬೇಡಿಕೆಗಳನ್ನು ಅಳೆಯುವುದು 1965ರ ಲೋಕೂರ್ ಸಮಿತಿಯ ಐದು ಲಕ್ಷಣಗಳಿಂದ: ಆದಿಮ ಗುಣ, ಬೇರೆಯದೇ ಸಂಸ್ಕೃತಿ, ದೂರದ ವಾಸ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಆ ನಾಲ್ಕನೆಯದು ನನ್ನನ್ನು ಬಿಡದೆ ಕಾಡುತ್ತದೆ. ಹಟ್ಟಿಯ ಹುಡುಗಿ ಮೈಕ್ ಹಿಡಿದು ತಡವರಿಸದೆ ಮಾತನಾಡಿದರೆ ಆ ಗಳಿಗೆಯಲ್ಲೇ ತನ್ನವರ ಅರ್ಜಿಗೆ ಎದುರು ಸಾಕ್ಷಿಯಾಗುತ್ತಾಳೆ. ಹಕ್ಕು ಕೇಳಲು ಬಾಯಿ ಬೇಕು, ಹಕ್ಕಿಗೆ ಅರ್ಹರೆನಿಸಲು ಬಾಯಿ ಇರಬಾರದು. ಇದು ಅನ್ಯಾಯ.

ಇನ್ನೂ ಕಠಿಣವಾದದ್ದು ಮುಟ್ಟು, ಬಾಣಂತನದ ಸೂತಕ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಊರಾಚೆಯ ಗುಡಿಸಲಿನಲ್ಲಿ ಬಾಣಂತಿಯೊಂದಿಗೆ ಇರಿಸಿದ್ದ ಹಸುಗೂಸು ತೀರಿಕೊಂಡಿತು. ‘ಬೇರೆಯದೇ ಸಂಸ್ಕೃತಿ’ಗೆ ಪುರಾವೆ ಹುಡುಕುವ ಕಡತ ಈ ಆಚರಣೆಯನ್ನೂ ಬರೆದುಕೊಳ್ಳಬಹುದು, ಅದನ್ನೇ ನಿಲ್ಲಿಸಲು ಅಧಿಕಾರಿಗಳು ಹಟ್ಟಿಗೆ ಬರುತ್ತಾರೆ. 2007ರ ಆ ಘೋಷಣೆಯ 22ನೇ ವಿಧಿ ಮೂಲನಿವಾಸಿ ಹೆಣ್ಣುಮಕ್ಕಳಿಗೂ ಮಕ್ಕಳಿಗೂ ತಾರತಮ್ಯದಿಂದ ಪೂರ್ಣ ರಕ್ಷಣೆ ಇರಬೇಕು ಎನ್ನುತ್ತದೆ. ಸಮುದಾಯದ ಹಕ್ಕು ಎಂಬುದು ಹಟ್ಟಿಯ ಯಜಮಾನರ ಹಕ್ಕಷ್ಟೇ ಆಗಿಬಿಟ್ಟರೆ ಆ ಗುಡಿಸಲಲ್ಲಿದ್ದ ತಾಯಿಯ ಪರವಾಗಿ ಮಾತನಾಡುವವರು ಯಾರು? ಅವಳ ಮಾತು ಕೇಳಿಸದ ಯಾವ ಒಪ್ಪಿಗೆಯನ್ನೂ ಹಟ್ಟಿಯ ಒಪ್ಪಿಗೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಹಾಗೆಂದು ಈ ಒಂದು ಆಚರಣೆಯನ್ನು ಮುಂದಿಟ್ಟುಕೊಂಡು ಹಟ್ಟಿಯ ನೆಲದ ಮಾತನ್ನೇ ತಳ್ಳಿಹಾಕುವುದೂ ಸರಿಯಲ್ಲ.

ಈ ಸೀಮೆಯ ನೆಲದ ಚರಿತ್ರೆ ಬರೆದಿರುವುದು ಆಳಿದವರ ಲೆಕ್ಕದಲ್ಲಿ. ಹಾಗಲವಾಡಿ ಪಾಳೆಯಗಾರರ ಹೆಸರು ಗೆಜೆಟಿಯರುಗಳಲ್ಲಿ ಇದೆ. ಚಿಕ್ಕನಾಯಕನಹಳ್ಳಿಗೆ ಆ ಹೆಸರು ಬಂದದ್ದೂ ಆ ಮನೆತನದ ನಾಯಕನಿಂದ. ಕುರಿ ಹಿಂಡು ಯಾವ ಹಾದಿಯಲ್ಲಿ ಹೋಗಿ ಎಲ್ಲಿ ಮೇದು ಎಲ್ಲಿ ತಂಗಿತು ಎಂಬುದಕ್ಕೆ ಪಹಣಿಯಲ್ಲಿ ಕಾಲಂ ಇಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ದೇಶಕ್ಕೆ ಅದು ಬೇಕು, ಈ ಕಡೆಯ ಹುಡುಗರಿಗೆ ಕೆಲಸವೂ ಬೇಕು. ಆದರೆ ಕಾವಲು ಎಂದರೆ ಮೇವಿಗೆಂದು ಬಿಟ್ಟ ನೆಲ. ಅದನ್ನು ಬೇರೆ ಕೆಲಸಕ್ಕೆ ತೆಗೆದುಕೊಳ್ಳುವಾಗಲೆಲ್ಲ ಮೇಯಿಸುವವರನ್ನು ಕೂರಿಸಿ ಕೇಳಬೇಕು.

2006ರ ಅರಣ್ಯ ಹಕ್ಕು ಕಾಯ್ದೆ ಅರಣ್ಯಭೂಮಿಯಲ್ಲಿ ಅಲೆಮಾರಿ ಪಶುಪಾಲಕರ ಮೇವಿನ ಹಕ್ಕನ್ನು ಹೆಸರೆತ್ತಿ ಹೇಳುತ್ತದೆ. ಪರಿಶಿಷ್ಟ ಪಂಗಡಕ್ಕೆ ಸೇರದವರು ಮಾತ್ರ ಮೂರು ತಲೆಮಾರಿನ, ಅಂದರೆ 75 ವರ್ಷಗಳ ಪುರಾವೆ ಕೊಡಬೇಕು. ಆ ಕಾಯ್ದೆಯ 2008ರ ನಿಯಮಗಳಲ್ಲಿ ಸಾಕ್ಷ್ಯಗಳ ಪಟ್ಟಿಯೊಂದಿದೆ. ಸರ್ಕಾರಿ ದಾಖಲೆಗಳ ಜೊತೆಗೆ ಬಾವಿ, ಸ್ಮಶಾನ, ದೇವರ ಜಾಗ, ವಂಶಾವಳಿ ಎಲ್ಲಕ್ಕೂ ಅಲ್ಲಿ ಬೆಲೆಯುಂಟು. ಹಿರಿಯರು ಹೇಳಿ ಬರೆಸಿದ ಮಾತಿಗೂ ಉಂಟು. ಆ ಹುಡುಗಿಗೆ ಇದನ್ನು ಹೇಳಿದೆ. ನಿರ್ಣಯದ ಕರಡು ಬರೆಯಲು ಕಲಿತ ಕೈಗೆ ಅಜ್ಜಿಯ ಹೇಳಿಕೆ ಬರೆದುಕೊಳ್ಳುವುದು ಕಷ್ಟವಲ್ಲ. ಅವಳು ಪೆನ್ನು ತೆಗೆದು, ಅದು ಎಷ್ಟನೇ ನಿಯಮ ಎಂದು ಕೇಳಿದಳು. ಹದಿಮೂರು.