ಕೆರೆ ಎಲ್ಲರದು ಎಂದಾಗ



ನನ್ನ ತಾತ ಮಧುಗಿರಿ ತಾಲ್ಲೂಕಿನ ನಮ್ಮೂರ ಕೆರೆಗೆ ನೀರಗಂಟಿ. ತೂಬು ಎತ್ತುವುದು, ಗದ್ದೆಯಿಂದ ಗದ್ದೆಗೆ ನೀರು ತಿರುಗಿಸುವುದು, ಮಳೆಗಾಲದ ರಾತ್ರಿ ಏರಿ ಕಾಯುವುದು ಅವರ ಕೆಲಸ. ಸುಗ್ಗಿಯಲ್ಲಿ ಕಣದ ಹೊರಗೆ ನಿಂತರೆ ಆಯದ ಕಾಳು ಸಿಗುತ್ತಿತ್ತು. ನೀರು ಕಡಿಮೆಯಾದ ವರ್ಷ ಯಾವ ಗದ್ದೆಗೆ ಎಷ್ಟು ಹೊತ್ತು ಎಂಬ ಲೆಕ್ಕವೆಲ್ಲ ಅವರ ತಲೆಯಲ್ಲೇ. ಪಟೇಲರೂ ಆ ಲೆಕ್ಕ ಮೀರುತ್ತಿರಲಿಲ್ಲವಂತೆ. ಆದರೆ ಊರ ಬಾವಿಯನ್ನು ತಾತ ಮುಟ್ಟುವಂತಿರಲಿಲ್ಲ.

ಅಮೆರಿಕದ ಎಲಿನಾರ್ ಆಸ್ಟ್ರಮ್ ಬಗ್ಗೆ ಓದುವಾಗ ತಾತ ನೆನಪಾದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಆಕೆ. ಎಲ್ಲರಿಗೂ ಸೇರಿದ ಹುಲ್ಲುಗಾವಲನ್ನು ಜನ ತಮ್ಮ ತಮ್ಮ ಲಾಭಕ್ಕೆ ಮೇಯಿಸಿ ಹಾಳುಮಾಡುತ್ತಾರೆ ಎಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದಿದ್ದರು. ಆಸ್ಟ್ರಮ್ ಸ್ಪೇನಿನ ಕಾಲುವೆ, ಸ್ವಿಟ್ಜರ್ಲೆಂಡಿನ ಹುಲ್ಲುಗಾವಲು, ನೇಪಾಳದ ರೈತರೇ ನಡೆಸುವ ನೀರಾವರಿಗಳನ್ನು ಅಭ್ಯಾಸ ಮಾಡಿದರು. ಜನ ತಾವೇ ಕಟ್ಟಳೆ ಮಾಡಿಕೊಂಡು ಇಂಥವನ್ನು ತಲೆಮಾರುಗಳ ಕಾಲ ಉಳಿಸಿಕೊಳ್ಳಬಲ್ಲರು ಎಂದು ತೋರಿಸಿದರು.

ನಮ್ಮ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಹಳೆಯ ಕೆರೆಗಳನ್ನೂ ಹೀಗೇ ಹೊಗಳುತ್ತಾರೆ. ಹೊಗಳಿಕೆ ಪೂರ್ತಿ ಸುಳ್ಳಲ್ಲ. ಆದರೆ ಆಸ್ಟ್ರಮ್ ಹೇಳಿದ ಲಕ್ಷಣಗಳಲ್ಲಿ ಇದೂ ಒಂದು: ಕಟ್ಟಳೆಗೆ ಒಳಪಟ್ಟವರಿಗೆ ಅದನ್ನು ಬದಲಿಸುವುದರಲ್ಲೂ ಪಾಲಿರಬೇಕು. ತಾತನ ಕೈಯಲ್ಲಿ ತೂಬು ಇತ್ತು. ಪಂಚಾಯ್ತಿ ಕಟ್ಟೆಯ ಮೇಲೆ ಜಾಗವಿರಲಿಲ್ಲ, ಅಚ್ಚುಕಟ್ಟಿನಲ್ಲಿ ಒಂದು ಗುಂಟೆಯೂ ಇರಲಿಲ್ಲ. ಇದಕ್ಕೆ ಸಹಕಾರ ಎನ್ನಬಹುದೇ?

ಬಾಬಾಸಾಹೇಬರೂ ಅರ್ಥಶಾಸ್ತ್ರಜ್ಞರೇ, ನಾವು ಅದನ್ನು ಮರೆಯುತ್ತೇವೆ. ಮಹಾಡಿನ ಚೌದಾರ್ ಕೆರೆ ಎಲ್ಲರಿಗೂ ಮುಕ್ತ ಎಂದು ಅಲ್ಲಿನ ಪುರಸಭೆ 1924ರಲ್ಲೇ ನಿರ್ಣಯ ಮಾಡಿತ್ತು. ಆದರೂ 1927ರ ಮಾರ್ಚ್ 20ರಂದು ಸಾವಿರಾರು ಜನರೊಡನೆ ಅವರೇ ನಡೆದು ಹೋಗಿ ನೀರು ಕುಡಿಯಬೇಕಾಯಿತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಭಿಕ್ಕು ಸಂಘದ ಮತದಾನದ ಪದ್ಧತಿಯನ್ನು ನೆನಪಿಸಿದರು. ಕ್ಷೌರಿಕನಾಗಿದ್ದ ಉಪಾಲಿ ಶಾಕ್ಯ ಕುಮಾರರಿಗಿಂತ ಮೊದಲು ದೀಕ್ಷೆ ಪಡೆದು ಹಿರಿಯನಾದ ಸಂಘ ಅದು.

ಹೋದ ವಾರ ಊರಿಂದ ತಮ್ಮ ಫೋನ್ ಮಾಡಿದ್ದ. ಕೆರೆ ಹೂಳೆತ್ತುತ್ತಾರಂತೆ, ಮನೆಗೊಬ್ಬರು ಬರಬೇಕಂತೆ.

"ಹೂಳು ಯಾರ ಹೊಲಕ್ಕೆ ಹೋಗುತ್ತೆ?" ಅಂದೆ.

"ಹೊಲ ಇರೋರಿಗೆ. ಆದ್ರೆ ಅಣ್ಣ, ಕೆರೆ ತುಂಬಿದ್ರೆ ನಮ್ಮ ಕೇರಿ ಬೋರಿಗೂ ನೀರು ಬರುತ್ತಲ್ವಾ?"

ಅವನ ಮಾತೂ ನಿಜ. ಹೋಗು ಎಂದೆ. ಗುದ್ದಲಿ ಹಿಡಿಯುವ ಮೊದಲು, ಕೆರೆ ಸಮಿತಿಯಲ್ಲಿ ನಮ್ಮ ಕೇರಿಯವರು ಯಾರಿದ್ದಾರೆ ಎಂದು ಎಲ್ಲರ ಎದುರು ಕೇಳು ಎಂದೂ ಹೇಳಿದೆ.

"ನೀನೇ ಬಂದು ಕೇಳಣ್ಣ" ಅಂದ.

ಭಾನುವಾರ ಹೋಗುತ್ತಿದ್ದೇನೆ.