ತೋಳಿನ ಸುತ್ತಳತೆ

ಸಂಜೆ ಹೊತ್ತು ಯಾವುದಾದರೂ ಬಡಾವಣೆಯ ಜಿಮ್‌ನೊಳಗೆ ಇಣುಕಿ ನೋಡಿ. ಸೆಟ್ ಮುಗಿಸಿ ಡಂಬೆಲ್ ಕೆಳಗಿಟ್ಟ ಹುಡುಗ ನೀರು ಕುಡಿಯುವುದಕ್ಕೂ ಮೊದಲು ಕನ್ನಡಿ ನೋಡುತ್ತಾನೆ. ಪಕ್ಕಕ್ಕೆ ತಿರುಗಿ, ಟೀ ಶರ್ಟಿನ ತೋಳು ಮೇಲೆ ಸರಿಸಿ, ಕೈ ಮಡಚುತ್ತಾನೆ. ಆಗ ಸ್ನಾಯುಗಳಿಗೆ ರಕ್ತ ನುಗ್ಗಿ ತೋಳು ಉಬ್ಬಿರುತ್ತದೆ. ಜಿಮ್ ಹುಡುಗರು ಇದಕ್ಕೆ ‘ಪಂಪ್’ ಅನ್ನುತ್ತಾರೆ. ಮನೆಗೆ ಹೋಗಿ ಸ್ನಾನ, ಊಟ ಮುಗಿಸುವಷ್ಟರಲ್ಲಿ ಅದು ಇಳಿದುಹೋಗುತ್ತದೆ. ಕನ್ನಡಿಯಲ್ಲಿ ಮತ್ತದೇ ಸಣಕಲ ಕಾಣಿಸುತ್ತಾನೆ. ಅವನ ಕಣ್ಣಿಗೆ ಮಾತ್ರ.

ಇದನ್ನು ವಯಸ್ಸಿನ ಶೋಕಿ ಎಂದು ನಕ್ಕು ಸುಮ್ಮನಾಗುವಂತಿಲ್ಲ. ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು 108 ದೇಹದಾರ್ಢ್ಯ ಪಟುಗಳನ್ನು ಅಧ್ಯಯನ ಮಾಡಿ 1993ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ 9 ಮಂದಿ ಕಟ್ಟುಮಸ್ತಾಗಿದ್ದರೂ ತಾವು ಬಡಕಲು ಎಂದೇ ನಂಬಿದ್ದರು. ಬೇಸಿಗೆಯ ಸೆಕೆಯಲ್ಲೂ ದಪ್ಪ ಬಟ್ಟೆ ತೊಟ್ಟು ಮೈ ಮರೆಮಾಚುವ ಮಟ್ಟಿಗೆ ಈ ನಂಬಿಕೆ ಕಾಡುತ್ತದೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕಾಯಿಲೆಗಳ ಕೈಪಿಡಿಯಲ್ಲಿ ಇದಕ್ಕೂ ಜಾಗ ಕೊಟ್ಟಿತು.

ಸ್ಟೀರಾಯ್ಡ್ ಸೂಜಿ ನುಸುಳುವುದು ಈ ಸಂದಿಯಲ್ಲೇ. ಅದರ ಮೂಲಕ ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್ ಹೊರಗಿನಿಂದ ಬಂದರೆ ದೇಹ ತನ್ನದನ್ನು ತಯಾರಿಸುವುದನ್ನು ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ, ಕೆಲವರಿಗೆ ಸ್ತನವೂ ಬೆಳೆಯುತ್ತದೆ. ಗಂಡಸುತನ ತೋರಿಸಲು ಹೊರಟವನು ಅದನ್ನೇ ಒತ್ತೆಯಿಟ್ಟಂತೆ.

ನಮ್ಮ ಗರಡಿಮನೆಗಳಲ್ಲೂ ಮೈ ಬೆಳೆಸುತ್ತಿದ್ದರು. ಆದರೆ ಮಟ್ಟಿಗಿಳಿದ ಪೈಲ್ವಾನನಿಗೆ ಹೊಟ್ಟೆ ಮುಂದೆ ಬಂದಿದ್ದರೂ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಎದುರಾಳಿಯನ್ನು ಚಿತ್ ಮಾಡಿದನೇ, ಇಲ್ಲವೇ? ಲೆಕ್ಕ ಅಷ್ಟೇ. ಸೋತವನಿಗೂ ತಾನೆಲ್ಲಿ ಸೋತೆ ಎಂಬುದು ಗೊತ್ತಾಗುತ್ತಿತ್ತು. ಕನ್ನಡಿಯ ಎದುರು ನಿಂತವನಿಗೆ ಹಾಗೆ ಗೊತ್ತಾಗುವುದಿಲ್ಲ. ಅಲ್ಲಿ ಪಂದ್ಯ ಮುಗಿಯುವುದೇ ಇಲ್ಲ.

ಭಾರ ಎತ್ತುವುದು ಒಳ್ಳೆಯದೇ. ಹೋದ ತಿಂಗಳು 40 ಕಿಲೋ ಎತ್ತಿದವನು ಈಗ 45 ಎತ್ತಿದರೆ ಹೆಮ್ಮೆಪಡಲಿ. ಆ ಐದು ಕಿಲೋ ಯಾರ ಕಣ್ಣಿನ ಮರ್ಜಿಗೂ ಕಾಯುವುದಿಲ್ಲ. ಆದರೆ ಅಕ್ಕನ ಮದುವೆಯ ಊಟಕ್ಕೆ ಕೂರದೆ ಡಬ್ಬಿಯಲ್ಲಿ ತಂದ ಮೊಟ್ಟೆಯ ಬಿಳಿಭಾಗ ತಿನ್ನುವ, ಒಂದು ದಿನ ಜಿಮ್ ತಪ್ಪಿದರೆ ಮನೆಯವರ ಮೇಲೆಲ್ಲ ಹರಿಹಾಯುವ ಹುಡುಗನನ್ನು ಕಂಡರೆ ‘ಡಯಟ್ ಮಾಡ್ತಿದಾನೆ ಬಿಡಿ’ ಎಂದು ಪಕ್ಕಕ್ಕೆ ಸರಿಯಬೇಡಿ. ಗೆಳೆಯರ ನಡುವೆ ‘ಏನ್ ಮಗಾ, ಸೊರಗೋಗಿದೀಯ’ ಎಂಬುದು ಬರೀ ಕುಶಲೋಪರಿ. ಈಗಾಗಲೇ ಕುಗ್ಗಿದವನಿಗೆ ಅದು ತೀರ್ಪು. ಅದರ ಬದಲು ‘ನಿದ್ದೆ ಸರಿಯಾಗಿ ಬರ್ತಿದೆಯಾ, ಮನಸ್ಸು ಹೇಗಿದೆ?’ ಎಂದು ಕೇಳಿ. ಉತ್ತರ ತಡವರಿಸಿದರೆ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಕೊಡಿ. ಕನ್ನಡದಲ್ಲೇ ಮಾತಾಡಬಹುದು, ಕಾಸು ಖರ್ಚಿಲ್ಲ.