ಇಳಿಯುವ ಮೊದಲಿನ ಒಂದು ಕರೆ

ಕೆಲವು ವರ್ಷಗಳ ಹಿಂದೆ ದುಬೈಯಿಂದ ಮಂಗಳೂರಿಗೆ ಬರುತ್ತಿದ್ದೆ. ವಿಮಾನ ಇಳಿಯಲು ಇನ್ನು ಐದಾರು ನಿಮಿಷಗಳಿದ್ದವು. ಕಿಟಕಿಯಾಚೆ ತೆಂಗಿನ ತೋಟ, ಹೆಂಚಿನ ಮಾಡು, ಕೆಂಪು ಮಣ್ಣಿನ ಗುಡ್ಡಗಳು ಕಾಣತೊಡಗಿದವು. ನನ್ನ ಪಕ್ಕದಲ್ಲಿ ಕುಳಿತಿದ್ದ ಯುವಕ ಎರಡೂವರೆ ವರ್ಷಗಳ ಬಳಿಕ ಊರಿಗೆ ಮರಳುತ್ತಿದ್ದ. ಊರಿನ ಸಿಮ್ಮನ್ನು ದುಬೈಯಲ್ಲೇ ಹಾಕಿಕೊಂಡು ಬಂದಿದ್ದ. ಈಗ ಮೆಲ್ಲನೆ ಫೋನ್ ತೆಗೆದು ಮನೆಗೆ ಕರೆ ಮಾಡಲು ಹೊರಟ.

"ಈಗ ಬೇಡ ಮಗಾ, ಇಳಿದ ಮೇಲೆ ಮಾಡು" ಎಂದೆ.

"ಏನಾಗ್ತದೆ ಕಾಕ? ಎಲ್ಲರೂ ಮಾಡ್ತಾರೆ. ಒಂದು ಫೋನಿಗೆ ವಿಮಾನ ಬೀಳ್ತದಾ?"

ಬೀಳುವುದಿಲ್ಲ ಎಂದು ನನಗೂ ಗೊತ್ತಿತ್ತು. ಪ್ರಯಾಣಿಕನೊಬ್ಬನ ಫೋನಿನಿಂದಲೇ ದೊಡ್ಡ ವಿಮಾನವೊಂದು ಬಿದ್ದಿತೆಂದು ಇಂದಿನವರೆಗೂ ಸಾಬೀತಾಗಿಲ್ಲ. ಹಾಗಾದರೆ ಬೇಡ ಎನ್ನಲು ನನಗೆ ಏನು ಆಧಾರವಿತ್ತು?

ಈ ನಿಯಮದ ಚರಿತ್ರೆ ನಮಗೆ ಪೂರ್ತಿ ನೆರವಾಗುವುದಿಲ್ಲ. 1960ರ ದಶಕದಲ್ಲಿ ಅಮೆರಿಕದಲ್ಲಿ ಇದು ಆರಂಭವಾದದ್ದು ಪ್ರಯಾಣಿಕರು ಕೈಯಲ್ಲಿ ಒಯ್ಯುತ್ತಿದ್ದ ಪುಟ್ಟ ಎಫ್.ಎಂ. ರೇಡಿಯೋಗಳ ಭಯದಿಂದ. ದಾರಿ ತೋರುವ ಉಪಕರಣಗಳಿಗೆ ಅವು ಅಡ್ಡಿಪಡಿಸಬಹುದು ಎಂಬುದು ಆಗಿನ ಚಿಂತೆ. 1991ರಲ್ಲಿ ಅಲ್ಲಿನ ಸಂಪರ್ಕ ಆಯೋಗವು ಹಾರುವ ವಿಮಾನದಿಂದ ಮೊಬೈಲ್ ಕರೆ ಮಾಡುವುದನ್ನು ನಿಷೇಧಿಸಿತು. ಅದರ ಮುಖ್ಯ ಆತಂಕ ನೆಲದ ಮೇಲಿನ ಟವರ್‌ಗಳ ಬಗ್ಗೆ; ಎತ್ತರದಲ್ಲಿರುವ ಒಂದು ಫೋನ್ ಏಕಕಾಲದಲ್ಲಿ ಹಲವಾರು ಟವರ್‌ಗಳನ್ನು ಮುಟ್ಟುತ್ತದೆ. ಪ್ರಯಾಣಿಕರಿಗೆ ಇದನ್ನೆಲ್ಲ ಯಾರೂ ಬಿಡಿಸಿ ಹೇಳಲಿಲ್ಲ. "ನಿಮ್ಮ ಸುರಕ್ಷೆಗಾಗಿ" ಎಂಬ ಒಂದೇ ಮಾತು ದಶಕಗಳ ಕಾಲ ಕೇಳಿಬಂತು. ಆಮೇಲೆ 2013ರ ಅಕ್ಟೋಬರ್ 31ರಂದು ಅಮೆರಿಕದ ವಿಮಾನಯಾನ ಇಲಾಖೆಯೇ, ಫ್ಲೈಟ್ ಮೋಡ್‌ನಲ್ಲಿಟ್ಟರೆ ಏರುವಾಗ ಇಳಿಯುವಾಗಲೂ ಸಣ್ಣ ಉಪಕರಣಗಳನ್ನು ಬಳಸಬಹುದೆಂದು ದಾರಿ ತೆರೆಯಿತು. 2014ರ ಏಪ್ರಿಲ್‌ನಲ್ಲಿ ಭಾರತವೂ ಅದೇ ದಾರಿ ಹಿಡಿಯಿತು. ನಿನ್ನೆಯವರೆಗೆ ಪೂರ್ತಿ ಆರಿಸಿ ಎಂದು ಗದರಿಸಿದವರು ಇಂದು ಪರವಾಗಿಲ್ಲ ಎಂದರೆ ಜನ ಏನೆಂದುಕೊಳ್ಳಬೇಕು? "ಆಗಲೂ ಸುಳ್ಳೇ ಹೇಳಿದ್ದರು, ಉಳಿದದ್ದೂ ಸುಳ್ಳೇ ಇರಬೇಕು" ಎಂದುಕೊಳ್ಳುತ್ತಾರೆ. ನನ್ನ ಪಕ್ಕದ ಯುವಕನ ಧೈರ್ಯದ ಮೂಲ ಇದೇ.

ಆದರೆ ಉಳಿದದ್ದೆಲ್ಲ ಸುಳ್ಳಲ್ಲ. ಹಳೆಯ ಫೋನನ್ನು ರೇಡಿಯೋ ಪಕ್ಕದಲ್ಲಿಟ್ಟಾಗ ಕರೆ ಬರುವ ಮೊದಲೇ ಒಂದು ಗರಗರ ಸದ್ದು ಬರುತ್ತಿದ್ದುದು ಓದುಗರಿಗೆ ನೆನಪಿರಬಹುದು. ಅದೇ ಸದ್ದು ಪೈಲಟ್‌ನ ಕಿವಿಯಲ್ಲೂ, ನೆಲದಿಂದ ಸೂಚನೆ ಕೇಳಬೇಕಾದ ಹೊತ್ತಿನಲ್ಲಿ ಬರಬಹುದು. 2022ರ ಜನವರಿಯಲ್ಲಿ ಅಮೆರಿಕದಲ್ಲಿ ಹೊಸ 5ಜಿ ಸೇವೆ ಆರಂಭವಾಗುವಾಗ, ಅದರ ಅಲೆಗಳು ವಿಮಾನದ ರೇಡಿಯೋ ಆಲ್ಟಿಮೀಟರ್‌ಗೆ ಅಡ್ಡಿ ಮಾಡಬಹುದೆಂಬ ಭಯದಿಂದ ಏರ್ ಇಂಡಿಯಾ ಸಹಿತ ಹಲವು ಸಂಸ್ಥೆಗಳು ಕೆಲವು ಹಾರಾಟಗಳನ್ನೇ ರದ್ದು ಮಾಡಿದವು. ನೆಲಕ್ಕೆ ಅಲೆ ಕಳುಹಿಸಿ, ಅದು ಮರಳಿ ಬರುವ ಸಮಯದಿಂದ ಎತ್ತರವನ್ನು ಅಳೆಯುವ ಉಪಕರಣ ಅದು. ಮಂಜು ಮುಸುಕಿದಾಗ ಪೈಲಟ್‌ಗೆ ಕಣ್ಣಿದ್ದಂತೆ. ಅಲ್ಲಿನ ಸಮಸ್ಯೆ ಟವರ್‌ಗಳದ್ದೇ ಹೊರತು ಪ್ರಯಾಣಿಕರ ಫೋನಿನದ್ದಲ್ಲ, ನಿಜ. ಆದರೂ ಅಲೆಗಳು ಪರಸ್ಪರ ಡಿಕ್ಕಿಯಾಗಬಹುದೆಂಬುದು ಅಜ್ಜಿಕತೆಯಲ್ಲ ಎಂದು ಅದರಿಂದ ತಿಳಿಯುತ್ತದೆ.

ಅಪಾಯ ಅತಿ ಚಿಕ್ಕದೆಂದೇ ಇಟ್ಟುಕೊಳ್ಳೋಣ. ಅದು ಯಾರ ಅಪಾಯ? ನಾನು ನನ್ನ ಬಾವಿಗೆ ಇಳಿದರೆ ಅದು ನನ್ನ ಜೀವದ ಪ್ರಶ್ನೆ. ಕಡವಿನ ದೋಣಿಯಲ್ಲಿ ಎದ್ದು ನಿಂತರೆ ಎಲ್ಲರದ್ದು. ದೋಣಿಯಾದರೆ ವಾಲುತ್ತದೆ, ಅಂಬಿಗ ಬೈಯುತ್ತಾನೆ, ನಾವು ಕೂರುತ್ತೇವೆ. ವಿಮಾನ ವಾಲುವುದಿಲ್ಲ, ನಾವು ಮಾಡಿದ್ದು ನಮಗೇ ತಿಳಿಯುವುದಿಲ್ಲ. ಐದು ನಿಮಿಷ ಬೇಗ ಮಾತಾಡಿದ ಲಾಭ ನನಗೊಬ್ಬನಿಗೆ. ಅಪಾಯ ಎಷ್ಟೇ ಚಿಕ್ಕದಿರಲಿ, ಅದರಲ್ಲಿ ನೂರೆಂಬತ್ತು ಜನರ ಪಾಲಿದೆ. ಅವರಲ್ಲಿ ಒಬ್ಬರನ್ನೂ ನಾನು ಕೇಳಿಲ್ಲ. ನಿಯಮದ ಬಗ್ಗೆ ಅನುಮಾನಪಡಲು ನನಗೆ ಹಕ್ಕಿದೆ. ಅನುಮಾನ ಸರಿಯೋ ತಪ್ಪೋ ಎಂಬುದನ್ನು ಅವರ ಮೇಲೆ ಪರೀಕ್ಷಿಸಲು ಹಕ್ಕಿಲ್ಲ. 2013ರ ಬದಲಾವಣೆಯೂ ಹಾಗೆ ಬಂದುದಲ್ಲ. ಪೈಲಟ್‌ಗಳು, ವಿಮಾನ ತಯಾರಕರು, ಪ್ರಯಾಣಿಕರ ಪ್ರತಿನಿಧಿಗಳು ಇದ್ದ ಸಮಿತಿಯೊಂದು ನೆಲದ ಮೇಲೆ ಕುಳಿತು ಪರಿಶೀಲಿಸಿದ ಬಳಿಕ ಬಂದದ್ದು.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಒಮ್ಮೆ ಬೆಂಗಳೂರಿನಲ್ಲಿ ಇಳಿದು ಚೀಲ ತೆರೆದಾಗ ನನ್ನ ಫೋನ್ ದಾರಿಯುದ್ದಕ್ಕೂ ಚಾಲೂ ಇದ್ದುದು ತಿಳಿಯಿತು. ದಿನನಿತ್ಯ ಎಷ್ಟೋ ಮಂದಿ ಹೀಗೆ ಮರೆಯುತ್ತಾರೆ, ಏನೂ ಆಗುವುದಿಲ್ಲ. ವಿಮಾನ ಕಟ್ಟುವವರು ಮರೆಯುವವರನ್ನೂ ಲೆಕ್ಕಕ್ಕೆ ಹಿಡಿದಿರುತ್ತಾರೆ. ಆ ಉಳಿಕೆಯನ್ನು ಮರೆವಿಗೆಂದು ಬಿಟ್ಟಿರುವಾಗ, ತಿಳಿದೂ ತಿಳಿದೂ ಅದರಲ್ಲಿ ಪಾಲು ಕೇಳುವುದು ಬೇರೆಯೇ ಮಾತು.

ಇನ್ನು ಅಲೆಗಳ ಮಾತನ್ನೇ ಬಿಟ್ಟುಬಿಡಿ. ಏರುವ ಇಳಿಯುವ ನಿಮಿಷಗಳಲ್ಲಿ ಕೈ ಮತ್ತು ಕಿವಿ ಖಾಲಿ ಇರಬೇಕು ಎನ್ನಲು ಇನ್ನೊಂದು ಕಾರಣವಿದೆ. ಅಪಘಾತಗಳಲ್ಲಿ ಹೆಚ್ಚಿನವು ಆಗುವುದು ಆ ಹೊತ್ತಿನಲ್ಲೇ. 2016ರ ಆಗಸ್ಟ್ 3ರಂದು ತಿರುವನಂತಪುರದಿಂದ ಹೋದ ಎಮಿರೇಟ್ಸ್ ವಿಮಾನ ದುಬೈಯಲ್ಲಿ ನೆಲಕ್ಕಪ್ಪಳಿಸಿತು. ಒಳಗೆ ಹೊಗೆ ತುಂಬುತ್ತಿರುವಾಗ ಜನ ಮೇಲಿನ ಕಪಾಟಿನಿಂದ ಚೀಲ ಎಳೆಯುತ್ತಿದ್ದುದನ್ನು, ಅಂಥ ಹೊತ್ತಿನಲ್ಲೂ ಯಾರೋ ಒಬ್ಬರು ಫೋನಿನಲ್ಲಿ ಚಿತ್ರೀಕರಿಸಿದ್ದನ್ನು ಜಗತ್ತು ನೋಡಿತು. 300 ಜನರೂ ಬದುಕಿ ಹೊರಬಂದರು. ಬೆಂಕಿ ಆರಿಸಲು ಬಂದ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ತೀರಿಕೊಂಡರು. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ಕರಾವಳಿ ಕಾವಲು ಪಡೆಯ ಸಣ್ಣ ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿ ಉರಿಯಿತು. ಸಣ್ಣ ವಿಮಾನದ ಐವರು ಸತ್ತರು. ದೊಡ್ಡ ವಿಮಾನದ 379 ಜನ ಸೂಚನೆ ಕೇಳಿಸಿಕೊಂಡು, ಚೀಲಗಳನ್ನು ಬಿಟ್ಟು ಹೊರಬಂದರು.

ಮಂಗಳೂರಿನವರಿಗೆ 2010ರ ಮೇ 22ನ್ನು ನೆನಪಿಸಬೇಕಿಲ್ಲ. ಬಜ್ಪೆಯಲ್ಲಿ 158 ಜನ ತೀರಿಕೊಂಡ ಆ ದುರಂತಕ್ಕೂ ಫೋನಿಗೂ ಸಂಬಂಧವಿಲ್ಲ. ಆದರೂ ತನಿಖಾ ವರದಿಯ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರು. ಆದರೂ ಇಳಿಯುವ ಯತ್ನ ಮುಂದುವರಿಯಿತು. ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ 5,200 ಅಡಿಯಷ್ಟು ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಇಷ್ಟು ದಿನ ಏನೂ ಆಗಿಲ್ಲ, ಇಂದೂ ಆಗದು ಎಂಬ ಲೆಕ್ಕ ಎಷ್ಟೋ ಸಲ ಸರಿಯಾಗಿಯೇ ಬರುತ್ತದೆ.

ಇಷ್ಟಾಗಿಯೂ ತಪ್ಪನ್ನೆಲ್ಲ ಪ್ರಯಾಣಿಕನ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಗಲ್ಫ್ ವಿಮಾನಗಳಲ್ಲಿ ಓಡಾಡಿದವರಿಗೆ ಗೊತ್ತು. ಅಲ್ಲಿ ಸೂಚನೆ ಕೊಡುವ ಧಾಟಿಯೇ ಬೇರೆ. ಮುಂದಿನ ಸಾಲಿನ ಕೋಟಿನವನು ಫೋನ್ ಹಿಡಿದರೆ "ಸರ್, ದಯವಿಟ್ಟು". ಹಿಂದಿನ ಸಾಲಿನ ಕೂಲಿಯವನು ಹಿಡಿದರೆ ಗದರಿಕೆ. ಒಂದು ವಿಮಾನದಲ್ಲಿ ಗಗನಸಖಿಯೊಬ್ಬಳು ಅರ್ಥವಾಗದ ಭಾಷೆಯಲ್ಲಿ ಮೂರು ಸಲ ಹೇಳಿ, ನಾಲ್ಕನೆಯ ಸಲ ಮುದುಕರೊಬ್ಬರ ಕೈಯಿಂದ ಫೋನನ್ನು ಕಿತ್ತೇ ಇಟ್ಟದ್ದನ್ನು ನೋಡಿದ್ದೇನೆ. ಅವಮಾನದ ಜೊತೆ ಕೊಟ್ಟ ನಿಯಮವನ್ನು ಮುರಿಯುವುದು ಮನುಷ್ಯನಿಗೆ ಸಣ್ಣದೊಂದು ಗೆಲುವಿನಂತೆ ಕಾಣುತ್ತದೆ. ಕಾರಣ ಹೇಳಿ, ಅವನ ಭಾಷೆಯಲ್ಲಿ ಹೇಳಿ, ಮನುಷ್ಯನೆಂದು ಗಣಿಸಿ ಹೇಳಿ. ವಿಧೇಯತೆ ಕೇಳುವವರ ಮೇಲೂ ಅಷ್ಟು ಸಾಲ ಇದೆ.

ಆ ಯುವಕನಿಗೆ ಇದನ್ನೆಲ್ಲ ಹೇಳಲು ಸಮಯವಿರಲಿಲ್ಲ. ನಮ್ಮ ಹಿಂದಿನ ಸೀಟಿನಲ್ಲಿ ಹೆಣ್ಣುಮಗಳೊಬ್ಬಳು ಕೈಗೂಸನ್ನು ಎದೆಗವಚಿಕೊಂಡು ಕುಳಿತಿದ್ದಳು.

"ಅವಳನ್ನು ಒಮ್ಮೆ ಕೇಳು. ಆಗಬಹುದು ಎಂದರೆ ಮಾಡು" ಎಂದೆ.

ಅವನು ತಿರುಗಿ ನೋಡಿದ. ಕೇಳಲಿಲ್ಲ. ಸ್ವಲ್ಪ ಮುಖ ಸಣ್ಣದು ಮಾಡಿಕೊಂಡು ಫೋನನ್ನು ತೊಡೆಯ ಮೇಲೆ ಕವುಚಿಟ್ಟ. ಚಕ್ರ ನೆಲಕ್ಕೆ ತಾಗಿತು, ವಿಮಾನ ಅದುರುತ್ತಾ ನಿಧಾನವಾಯಿತು, ಫೋನ್ ಬಳಸಬಹುದೆಂದು ಘೋಷಣೆಯೂ ಆಯಿತು. ಒಮ್ಮೆಗೇ ಹತ್ತಾರು ಫೋನುಗಳು ದನಿ ಎತ್ತಿದವು. ಅವನ ಕರೆ ಮೊದಲ ಸಲ ತಾಗಲಿಲ್ಲ. ಎರಡನೆಯ ಸಲ ತಾಗಿತು.

"ಉಮ್ಮಾ..." ಎಂದವನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ.